ಎರಡು ಜಿಬಿ ಲ್ಯಾಪ್‌ಟಾಪ್‌ಗೆ ಯಾವ ಆಪರೇಟಿಂಗ್ ಸಿಸ್ಟಮ್ (ಓಎಸ್)? ನನ್ನ ಅನುಭವ

ಡೊಂಬಿವಲಿಯಲ್ಲಿರುವ ಅಕ್ಕನ ಮಗಳು ಈ ವರ್ಷ ಒಂಬತ್ತನೇ ಕ್ಲಾಸು. ಅವಳಿಗೆಂದು ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹಿಡಿದೆ. ಹನ್ನೊಂದು ಇಂಚಿನ ಪರದೆ, ಇಂಟೆಲ್ ಆಟಮ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಚೌಕಾಸಿ ಮಾಡಿ ನಾಲ್ಕೂವರೆ ಸಾವಿರಕ್ಕೆ ಇಳಿಸಿದೆ. ಗ್ರ್ಯಾಂಟ್ ರೋಡಿನಲ್ಲಿ ಲೋಕಲ್ ಹತ್ತುವವರೆಗೂ ಗೆದ್ದೆ ಅಂತಲೇ ಅಂದುಕೊಂಡಿದ್ದೆ.

ಮನೆಗೆ ಬಂದು ಆನ್ ಮಾಡಿದರೆ ವಿಂಡೋಸ್ 10. ಖಾಲಿ ಉಳಿದಿದ್ದು ಮೂರೇ ಜಿಬಿ. ಅಪ್‌ಡೇಟ್ ಇಳಿಸೋಕೂ ಜಾಗ ಇಲ್ಲ. ಅದರ ಮಾಮೂಲಿ ಸಪೋರ್ಟ್ ಕೂಡ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11ಕ್ಕೆ ಕಡಿಮೆ ಅಂದರೂ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಹಳೇ ಕಂಪ್ಯೂಟರ್‌ಗಳಿಗೆಂದು ಗೂಗಲ್ ಕೊಡುವ ಕ್ರೋಮ್‌ಓಎಸ್ ಫ್ಲೆಕ್ಸ್ ಕೂಡ 4 ಜಿಬಿ ರ‍್ಯಾಮ್ ಕೇಳುತ್ತದೆ. ಉಳಿದಿದ್ದು ಪುಕ್ಕಟೆ ಸಿಗುವ, ಹಲವು ಬಗೆಗಳಿರುವ ಲಿನಕ್ಸ್ ಓಎಸ್.

ಮೊದಲು ಅದರಲ್ಲೊಂದಾದ ಲಿನಕ್ಸ್ ಮಿಂಟ್ ಹಾಕೋಕೆ ಪೆನ್‌ಡ್ರೈವ್ ಮಾಡಿದೆ. ಯಾವುದರಿಂದ ಶುರುವಾಗಬೇಕು ಅಂತ ಆರಿಸುವ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವೇ ಕಾಣಲಿಲ್ಲ! ಬೇರೆ ಪೆನ್‌ಡ್ರೈವ್ ಹಾಕಿದೆ, ಪೋರ್ಟ್ ಬದಲಿಸಿದೆ, ಅಂಗಡಿಯವನನ್ನು ಬೈದುಕೊಂಡೆ. ಒಂದು ಭಾನುವಾರ ಪೂರ್ತಿ ಹೋಯಿತು. ತಪ್ಪು ಪೆನ್‌ಡ್ರೈವಿನದ್ದಲ್ಲ. ಆಟಮ್ ಹಾಕಿದ ಇಂಥ ಅಗ್ಗದ ಎಷ್ಟೋ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್, ಆದರೆ ಆನ್ ಮಾಡಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಯುಇಎಫ್‌ಐ ಅನ್ನುವ ಒಳಗಿನ ಸಾಫ್ಟ್‌ವೇರ್ ಮಾತ್ರ 32 ಬಿಟ್. ಅದು ಹುಡುಕುವ ಫೈಲೇ ಬೇರೆ, ನಾನು ಹಾಕಿದ್ದೇ ಬೇರೆ. ವಿಂಡೋಸ್ ಅಳಿಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್' ತೆರೆದು ನೋಡಿ. ಓಎಸ್ 32 ಬಿಟ್, ಪ್ರೊಸೆಸರ್ ಎಕ್ಸ್64 (ಅಂದರೆ 64 ಬಿಟ್) ಅಂತ ಇದ್ದರೆ ಇದೇ ಕಥೆ ಇರಬಹುದು. ನಾನು ನೋಡಿದ್ದು ಆಮೇಲೆ.

ಇನ್ನೊಂದು ಬಗೆಯ ಲಿನಕ್ಸ್ ಆದ ಡೆಬಿಯನ್ 12ರ 64 ಬಿಟ್ ಇನ್‌ಸ್ಟಾಲರ್ ಇಂಥ ಯಂತ್ರದಲ್ಲೂ ಬೂಟ್ ಆಗುತ್ತದೆ. ವೈಫೈ ಚಿಪ್ ನಡೆಸಲು ಬೇಕಾದ ಫರ್ಮ್‌ವೇರ್ ಅನ್ನುವ ಫೈಲುಗಳು ಕೂಡ ಅದರಲ್ಲೇ ಇದ್ದವು, ಬೇರೆ ಹುಡುಕಬೇಕಾಗಲಿಲ್ಲ. ಡೆಸ್ಕ್‌ಟಾಪ್‌ಗೆ, ಅಂದರೆ ಪರದೆ ಮೇಲಿನ ಮೆನು, ಕಿಟಕಿಗಳಿಗೆ, ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎರಡನ್ನೂ ಹಾಕಿ ನೋಡಿದೆ. ಎರಡನೆಯದು ರ‍್ಯಾಮಿನಲ್ಲಿ ನೂರೈವತ್ತು ಎಂಬಿ ಕಡಿಮೆ ತಿಂದಿತು. ದೊಡ್ಡ ಯಂತ್ರದಲ್ಲಿ ಅದು ಲೆಕ್ಕಕ್ಕಿಲ್ಲ, ಇಲ್ಲಿ ಒಂದು ಟ್ಯಾಬಿಗೆ ಆಗುತ್ತದೆ. ಅದನ್ನೇ ಉಳಿಸಿಕೊಂಡೆ. ಜೆಡ್‌ರ‍್ಯಾಮ್ ಕೂಡ ಹಾಕಿದೆ. ಅದು ರ‍್ಯಾಮಿನೊಳಗೇ ಡೇಟಾ ಒತ್ತಿ ಇಡುತ್ತದೆ, ಹಾಗಾಗಿ ನಿಧಾನದ ಸ್ಟೋರೇಜಿನ ಮೇಲೆ ಹೊರೆ ಬೀಳುವುದಿಲ್ಲ. ಎಲ್ಲ ಮುಗಿದ ಮೇಲೂ ಇಪ್ಪತ್ತು ಜಿಬಿ ಖಾಲಿ.

ಅಕ್ಕನಿಗೆ ಮಾತ್ರ ಒಂದೇ ಆಸೆ, ಮಗಳು ಕನ್ನಡ ಟೈಪ್ ಮಾಡಬೇಕು. ಗುಬ್ಬಿ, ನವಿಲು ಅನ್ನುವ ಫಾಂಟ್‌ಗಳು ಡೆಬಿಯನ್‌ನಲ್ಲೇ ಸಿಗುತ್ತವೆ. ಕೀಲಿಮಣೆಯಲ್ಲಿ ಕನ್ನಡ ಮೂಡಿಸುವ ಐಬಸ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಅವಳು ಮೊದಲು ಬರೆದದ್ದು 'ಅಜ್ಜಿ'. ಒತ್ತಕ್ಷರ ಬಂದಾಗ ಅವಳಿಗೇ ಆಶ್ಚರ್ಯ.

ಮೊನ್ನೆ ಫೋನ್ ಮಾಡಿದಳು. "ಮಾಮ, ಯೂಟ್ಯೂಬ್ ಹಾಕಿ ನಾಲ್ಕನೇ ಟ್ಯಾಬ್ ತೆಗೆದ್ರೆ ನಿಂತೇಬಿಡತ್ತೆ."

"ಮೂರೇ ತೆಗಿ" ಅಂದೆ.