ಕುರ್ಚಿ ತಂದ ಕುತ್ತು

"ಎಷ್ಟನೇ ಬಹುಮಾನ ಬಂತೋ?" ಮನೆಗೆ ಬಂದ ಕೂಡಲೇ ಅಮ್ಮ ಕೇಳಿದರು. ಬ್ಯಾಕ್‌ಯಾರ್ಡ್ ಅಲ್ಟ್ರಾ ಅನ್ನೋ ಸುತ್ತು ಓಟದಲ್ಲಿ ಎರಡನೇ ಬಹುಮಾನವೇ ಇಲ್ಲ ಅಂತ ಅವರಿಗೆ ಹೇಗೆ ಹೇಳೋದು? ಕೊನೆಗೆ ಉಳಿದವರು ಒಬ್ಬರೇ ಇನ್ನೊಂದು ಸುತ್ತು ಮುಗಿಸಿದರೆ ಗೆದ್ದರು. ಮಿಕ್ಕವರೆಲ್ಲ ಲೆಕ್ಕದಲ್ಲಿ 'ಮುಗಿಸಿಲ್ಲ'.

ಲಾಜರಸ್ ಲೇಕ್ ಅಂತಲೇ ಹೆಸರಾದ ಗ್ಯಾರಿ ಕ್ಯಾಂಟ್ರೆಲ್ ಅಮೆರಿಕದ ಟೆನೆಸಿಯಲ್ಲಿ, ತಮ್ಮ ಮನೆಯ ಜಾಗದಲ್ಲಿ ಶುರು ಮಾಡಿದ ಆಟ ಇದು. ಗಂಟೆಗೊಂದು ಸುತ್ತು, ಆ ಗಂಟೆಯೊಳಗೇ ಮುಗಿಸದಿದ್ದರೆ ಔಟ್. ಸುತ್ತಿಗೆ 6.7 ಕಿ.ಮೀ. ಚಿಲ್ಲರೆ ಲೆಕ್ಕ ಯಾಕೆ ಅಂದರೆ 24 ಸುತ್ತಿಗೆ 100 ಮೈಲಿ ಆಗಬೇಕು. 2023ರಲ್ಲಿ ಹಾರ್ವಿ ಲೂಯಿಸ್ ಅಲ್ಲಿ 108 ಸುತ್ತು ಓಡಿದರು. ನಾವು 108 ಸಲ ಜಪ ಮಾಡೋಕೂ ಕಷ್ಟಪಡುತ್ತೇವೆ, ಅಲ್ವಾ?

ಅಭ್ಯಾಸವನ್ನು ಮನೆಯಿಂದಲೇ ಮಾಡಿದೆ. ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟು ತುರಹಳ್ಳಿ ಕಡೆ ಒಂದು ಸುತ್ತು, ವಾಪಸ್, ಆರಕ್ಕೆ ಮತ್ತೆ. ಹೀಗೆ ಐದು ಸಲ. ನಡುವಿನ ಹತ್ತು ನಿಮಿಷದಲ್ಲಿ ಅಮ್ಮ ಸೊಪ್ಪು ಬಿಡಿಸೋಕೆ ಕೂರಿಸುತ್ತಿದ್ದರು. ಗಂಟೆಗೆ ಸರಿಯಾಗಿ ಎದ್ದು ಹೋಗೋದು ಓಟಕ್ಕಿಂತ ಕಷ್ಟ ಅಂತ ಅಲ್ಲೇ ಗೊತ್ತಾಗಬೇಕಿತ್ತು.

ಓಟ ಇದ್ದದ್ದು ಬೆಂಗಳೂರಿನ ಆಚೆ, ಕೆಂಪು ಮಣ್ಣಿನ ನೀಲಗಿರಿ ತೋಪಿನಲ್ಲಿ. ಬೆಳಿಗ್ಗೆ ಆರಕ್ಕೆ ಶುರು. ಏರು ಬಂದ ಕಡೆಯೆಲ್ಲ ಮೊದಲ ಸುತ್ತಿನಿಂದಲೇ ನಡೆದೆ. 50 ನಿಮಿಷಕ್ಕೆ ಬಂದರೆ ಸಾಕು. 40ಕ್ಕೇ ಬಂದು ಕೂತ ಹುಡುಗರು ಮಧ್ಯಾಹ್ನದ ಹೊತ್ತಿಗೆ ಕಾಣಲಿಲ್ಲ.

ಭಾವ ಜೊತೆಗೆ ಬಂದಿದ್ದರು. ರಾಗಿ ಅಂಬಲಿ, ಉಪ್ಪು ಹಾಕಿದ ಬೇಯಿಸಿದ ಆಲೂಗಡ್ಡೆ, ಕಡಲೆ ಮಿಠಾಯಿ, ಮಜ್ಜಿಗೆ. ಎನರ್ಜಿ ಜೆಲ್ ಎರಡು ಮುಟ್ಟಿದೆ, ಮೂರನೆಯದಕ್ಕೆ ಹೊಟ್ಟೆ ತೊಳಸಿತು. ಬಿಸಿಲಲ್ಲಿ ನನ್ನನ್ನು ಕಾಪಾಡಿದ್ದು ಮಜ್ಜಿಗೆಯೇ.

ಕತ್ತಲಾದ ಮೇಲೆ ಕಾಲು ಏಳುತ್ತಿರಲಿಲ್ಲ. ಟಾರ್ಚ್ ಬೆಳಕಲ್ಲಿ ಬೇರು ಯಾವುದು, ನೆರಳು ಯಾವುದು ಗೊತ್ತಾಗದೆ ಎರಡು ಸಲ ಮುಗ್ಗರಿಸಿದೆ. 14ನೇ ಸುತ್ತು 54 ನಿಮಿಷಕ್ಕೆ ಮುಗಿಯಿತು. ಅಷ್ಟರವರೆಗೆ ನಿಂತೇ ತಿನ್ನುತ್ತಿದ್ದವನು ಭಾವ ತಂದಿದ್ದ ಮಡಿಸುವ ಕುರ್ಚಿಯಲ್ಲಿ ಕೂತೆ. ಸುಮ್ನೆ ಒಂದು ನಿಮಿಷ ಅಂತ. ಹೆಬ್ಬೆರಳು ಉರಿಯುತ್ತಿತ್ತು, ಶೂ ಬಿಚ್ಚಿದೆ. ಬೊಬ್ಬೆ ಎದ್ದಿತ್ತು. ನೋಡಬಾರದಿತ್ತು. ಊದಿದ ಪಾದ ಮತ್ತೆ ಶೂ ಒಳಗೆ ಹೋಗಲೇ ಒಲ್ಲದು.

ಮೂರು ಸೀಟಿ ಬಿತ್ತು, ಅಂದರೆ ಇನ್ನು ಮೂರು ನಿಮಿಷ. ಆಮೇಲೆ ಎರಡು. "ಏಳಯ್ಯ!" ಅಂದರು ಭಾವ. ಒಂದು ಸೀಟಿಗೆ ಹೇಗೋ ಕಾಲು ತುರುಕಿ, ಲೇಸ್ ಕಟ್ಟದೇ ಗೆರೆಗೆ ಕುಂಟಿಕೊಂಡು ಹೋದೆ. ಗಂಟೆ ಹೊಡೆದಾಗ ಅಲ್ಲಿದ್ದೆ, ಅಷ್ಟೇ. ಆ ಸುತ್ತು ಮುಗಿಸಿದಾಗ ಒಂಬತ್ತು ದಾಟಿ ಎರಡು ನಿಮಿಷ. ಆದ್ದರಿಂದ ನನ್ನ ಲೆಕ್ಕ 14 ಸುತ್ತು, ಸುಮಾರು 94 ಕಿ.ಮೀ.

ಈಗ ಒಂದು ಸೈಜ್ ದೊಡ್ಡ ಶೂ ತೆಗೆದುಕೊಂಡಿದ್ದೇನೆ. ಕುರ್ಚಿ ತರಬೇಡಿ ಅಂತ ಭಾವನಿಗೆ ಹೇಳಿದೆ. "ಹಾಗಾದ್ರೆ ನಾನೆಲ್ಲಿ ಕೂರಲಿ?" ಅಂದರು.