ಸಿಲ್ವರ್ ಓಕ್ ಕಪಾಟಿಗೆ ಬಣ್ಣ: ಹಚ್ಚುವುದಕ್ಕಿಂತ ಉಜ್ಜುವುದೇ ಹೆಚ್ಚು

ತೇಗ, ಬೀಟೆ, ಹೊನ್ನೆಯ ಪೀಠೋಪಕರಣಗಳಿಗೆ ಪಾಲಿಷ್ ಸಾಕು. ಆ ಮರಗಳ ಎಳೆಗಳ ಚೆಲುವನ್ನು ಬಣ್ಣದಡಿ ಮುಚ್ಚುವುದು ಕೊಟ್ಟ ದುಡ್ಡಿಗೂ ಅನ್ಯಾಯ. ಬಣ್ಣ ಒಪ್ಪುವುದು ಅಗ್ಗದ ಮರಗಳಿಗೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಅಂಥದ್ದು. ಆ ಮರದಲ್ಲಿ ಬಡಗಿಯಿಂದ ಮಾಡಿಸಿ ತಂದ ಪುಸ್ತಕದ ಕಪಾಟಿಗೆ ಮನೆಯಲ್ಲೇ ಎಣ್ಣೆ ಆಧಾರಿತ ಎನಾಮಲ್ ಬಣ್ಣ ಹಚ್ಚುವ ಕ್ರಮ ಇಲ್ಲಿದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ತೇವ ಹೀರಿ ಉಬ್ಬಿದ ಮರಕ್ಕೆ ಹಚ್ಚಿದ ಬಣ್ಣವು ಬೇಸಿಗೆಯಲ್ಲಿ ಮರ ಕುಗ್ಗಿದಾಗ ಜೋಡಣೆಗಳ ಬಳಿ ಬಿರುಕು ಬಿಡುತ್ತದೆ. ದೀಪಾವಳಿ ಕಳೆದ ಮೇಲೆ, ಕಪಾಟನ್ನು ಒಂದೆರಡು ವಾರ ಅದು ಇರಬೇಕಾದ ಕೋಣೆಯಲ್ಲೇ ಇಟ್ಟು, ನಂತರ ಆರಂಭಿಸುವುದು ಒಳ್ಳೆಯದು. ಈ ಅವಧಿಯಲ್ಲಿ ಸೂಜಿಮೊನೆಯಂಥ ತೂತುಗಳೂ ಅವುಗಳ ಕೆಳಗೆ ಹಿಟ್ಟಿನಂಥ ಪುಡಿಯೂ ಕಂಡರೆ ಕುಟ್ಟೆ ಹಿಡಿದಿದೆ ಎಂದರ್ಥ. ಮೇಲಿನ ಬಣ್ಣದಿಂದ ಒಳಗಿನ ಹುಳು ಸಾಯುವುದಿಲ್ಲವಾದ್ದರಿಂದ ಮೊದಲು ಅದಕ್ಕೆ ಔಷಧ ಹಾಕಿಸಬೇಕು.

ಮರ ಉಜ್ಜಲು ಅಂಗಡಿಯಲ್ಲಿ ಉಪ್ಪುಕಾಗದವೆಂದು (ಸ್ಯಾಂಡ್‌ಪೇಪರ್) ಕೇಳಿ ಪಡೆಯುವ ಹಾಳೆಯ ಬೆನ್ನ ಮೇಲೆ ಸಂಖ್ಯೆ ಅಚ್ಚಾಗಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ನುಣುಪು. 80ರಿಂದ ಉಳಿಯ ಗುರುತುಗಳನ್ನು ತೆಗೆದು, 120ರಿಂದ ಸಮಗೊಳಿಸಿ, 180ಕ್ಕೆ ನಿಲ್ಲಿಸಬೇಕು. ಇನ್ನೂ ನುಣುಪಾಗಿಸಿದರೆ ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್‌ಗೆ ಹಿಡಿತ ಕಡಿಮೆಯಾಗುತ್ತದೆ. ಕಾಗದವನ್ನು ಚಿಕ್ಕ ಮರದ ತುಂಡಿಗೆ ಸುತ್ತಿ, ಮರದ ಎಳೆಯ ಗುಂಟವೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರುಗಳು ಎರಡು ಕೋಟ್ ಬಣ್ಣದಡಿಯಿಂದಲೂ ಇಣುಕುತ್ತವೆ. ಹಲಗೆಯ ತುದಿಗಳು ಬಣ್ಣವನ್ನು ಹೆಚ್ಚು ಹೀರುತ್ತವೆ, ಆದ್ದರಿಂದ ಅಲ್ಲಿ ಮಾತ್ರ 220ರಿಂದ ಉಜ್ಜಿದರೆ ತಪ್ಪಿಲ್ಲ. ಚೂಪಾದ ಅಂಚುಗಳನ್ನು ತುಸು ದುಂಡಗಾಗಿಸಬೇಕು. ಬಣ್ಣ ಮೊದಲು ಸವೆಯುವುದು ಅಲ್ಲೇ. ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಂಡೇ ಉಜ್ಜಿ, ಬಳಿಕ ದೂಳನ್ನು ಬ್ರಷ್‌ನಿಂದ ಕೊಡವಿ, ಟರ್ಪೆಂಟೈನ್ ಸೋಕಿಸಿದ ಬಟ್ಟೆಯಿಂದ ಒರೆಸಬೇಕು.

ಗಿಣ್ಣುಗಳಿದ್ದಲ್ಲಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಒಂದೆರಡು ಸಲ ಬಳಿಯಬೇಕು. ಇಲ್ಲವಾದರೆ ಒಳಗಿನ ರಾಳ ಮೇಲೆ ಬಂದು ತಿಳಿಬಣ್ಣದ ಮೇಲೆ ಹಳದಿ ಕಲೆ ಮೂಡುತ್ತದೆ.

ನಂತರ ವುಡ್ ಪ್ರೈಮರ್. ಅನೇಕರು ಅವಸರದಲ್ಲಿ ಬರಿ ಮರಕ್ಕೇ ಪುಟ್ಟಿ ತುಂಬುತ್ತಾರೆ; ಒಣಮರವು ಪುಟ್ಟಿಯ ಎಣ್ಣೆಯನ್ನು ಹೀರಿಕೊಂಡು ಅದು ಕೆಲವೇ ತಿಂಗಳಲ್ಲಿ ಉದುರಬಹುದು. ಪ್ರೈಮರ್ ಒಂದು ಕೋಟ್ ಹೊಡೆದು, ಒಂದು ದಿನ ಒಣಗಿಸಿ, ಮೊಳೆಯ ತೂತುಗಳಿಗೆ ಪುಟ್ಟಿ ತುಂಬಿ, ಅದೂ ಗಟ್ಟಿಯಾದ ಮೇಲೆ 220ರಿಂದ ಹಗುರವಾಗಿ ಉಜ್ಜುವುದೇ ಸರಿಯಾದ ಕ್ರಮ. ಮೊದಲ ಕೋಟ್‌ಗೆ ಎದ್ದುನಿಂತ ಮರದ ನಾರುಗಳೂ ಈ ಉಜ್ಜುವಿಕೆಯಲ್ಲೇ ಕತ್ತರಿಸಿಹೋಗುತ್ತವೆ. ಪುಟ್ಟಿಯ ಮೇಲೆ ಮತ್ತೊಮ್ಮೆ ಪ್ರೈಮರ್ ತಾಗಿಸಬೇಕು.

ಬಣ್ಣದ ಡಬ್ಬಿ ಕೊಳ್ಳುವಾಗ ಸೀಸದ ಪ್ರಮಾಣವನ್ನು ಗಮನಿಸಬೇಕು. 2017ರ ನವೆಂಬರ್ 1ರಿಂದ ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರುವಂತಿಲ್ಲ. ಅಟ್ಟದ ಮೇಲೆ ಉಳಿದಿರುವ ಅದಕ್ಕೂ ಹಳೆಯ ಡಬ್ಬಿಯನ್ನು ಮಕ್ಕಳಿರುವ ಮನೆಯಲ್ಲಿ ತೆರೆಯದಿರುವುದೇ ಕ್ಷೇಮ.

ಕಪಾಟನ್ನು ತಲೆಕೆಳಗು ಮಾಡಿ ಕಾಲು, ತಳಗಳಿಂದ ಆರಂಭಿಸಿ. ಬ್ರಷ್‌ನ ಕೂದಲನ್ನು ಮೂರನೇ ಒಂದು ಭಾಗ ಮಾತ್ರ ಅದ್ದಿ, ತೆಳುವಾಗಿ ಎಳೆಯ ಗುಂಟ ಎಳೆಯಬೇಕು. ದಪ್ಪ ಬಳಿದರೆ ಬಣ್ಣ ಇಳಿಬೀಳುತ್ತದೆ. ಎರಡನೇ ಕೋಟ್‌ಗೆ ಮುನ್ನ ಒಂದು ರಾತ್ರಿ ಬಿಟ್ಟು, 320ರಿಂದ ಸವರಿ ಒರೆಸಬೇಕು. ಒಂದೇ ದಿನದಲ್ಲಿ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ವಾರ ಬೇಕು. ಅದಕ್ಕೆ ಮೊದಲೇ ಪುಸ್ತಕ ಜೋಡಿಸಿದರೆ ಅವುಗಳ ರಟ್ಟು ಹಲಗೆಗೆ ಅಂಟಿಕೊಂಡು, ಎತ್ತುವಾಗ ಬಣ್ಣವನ್ನೂ ಕಿತ್ತು ತರುತ್ತದೆ.