ಬಾಲ್ ಕೈಬಿಟ್ಟ ಮೇಲಿನ ಮೂರು ಸೆಕೆಂಡು

ಶಿರಸಿಯಲ್ಲಿ ಜೂನ್ ಹಿಡಿದರೆ ಗಣಪತಿ ಹಬ್ಬದವರೆಗೂ ಅಂಗಳದ ಆಟ ಬಂದ್. ವಾಲಿಬಾಲ್ ನೆಟ್ ಕಟ್ಟುವ ಜಾಗದಲ್ಲಿ ಪಾಚಿ ಕಟ್ಟಿರುತ್ತದೆ. ಅಂಥದ್ದೊಂದು ಮಳೆಗಾಲದಲ್ಲಿ ನಾನು ಎನ್‌ಬಿಎ 2ಕೆ ಆಡಲು ಶುರು ಮಾಡಿದೆ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ಲೀಗಿನ ವಿಡಿಯೋ ಗೇಮ್ ಅದು. ಎದುರಾಳಿ ಕಾರವಾರದ ಚಿಕ್ಕಮ್ಮನ ಮಗ. ಕಾಲೇಜಿಗೆ ಅಂತ ನಮ್ಮನೆಯಲ್ಲೇ ಇದ್ದ.

ಪ್ರತಿ ಸಲ ಸೋಲುತ್ತಿದ್ದೆ. ವಿಚಿತ್ರ ಅಂದರೆ, ಪಾಯಿಂಟ್ ಹೊಡೆಯುವುದರಲ್ಲಿ ನಾನೇನೂ ಹಿಂದಿರಲಿಲ್ಲ. ತ್ರೀ ಪಾಯಿಂಟರ್, ಅಂದರೆ ದೂರದಿಂದ ಹೊಡೆಯುವ ಮೂರು ಪಾಯಿಂಟಿನ ಶಾಟ್, ಚೆನ್ನಾಗಿಯೇ ಬೀಳುತ್ತಿತ್ತು. ಹಾಗಾಗಿ ಇನ್ನೂ ಜಾಸ್ತಿ ಹೊಡೆದರೆ ಗೆಲ್ಲುತ್ತೇನೆ ಅಂದುಕೊಂಡಿದ್ದೆ.

ಒಂದು ದಿನ 58-66ಕ್ಕೆ ಸೋತೆ. ಸಿಟ್ಟು ಬಂದು, ಮುಂದಿನ ಆಟದಲ್ಲಿ ಅವನ ಒಂದೊಂದು ಬುಟ್ಟಿಯೂ ಹೇಗೆ ಬಿತ್ತು ಅಂತ ಅಡಿಕೆ ಮಾರಿದ ರಸೀದಿಯ ಹಿಂದೆ ಗೀಟು ಹಾಕುತ್ತಾ ಹೋದೆ. ಕೊನೆಗೆ ಕೂಡಿ ನೋಡಿದರೆ 22 ಪಾಯಿಂಟ್ ಫಾಸ್ಟ್ ಬ್ರೇಕಿನಲ್ಲೇ ಹೋಗಿತ್ತು. ಅಂದರೆ ನನ್ನ ಶಾಟ್ ತಪ್ಪಿದ ಕೂಡಲೇ ಅವನು ಬಾಲ್ ಹಿಡಿದು ಓಡಿ, ಯಾರೂ ಕಾಯದ ಬುಟ್ಟಿಗೆ ಹತ್ತಿರದಿಂದಲೇ ಬಾಲ್ ಹಾಕಿ (ಅದೇ ಲೇಅಪ್) ಬಂದಿದ್ದ. ನನ್ನ ಸೋಲು ಡಿಫೆನ್ಸಿನಲ್ಲೂ ಇರಲಿಲ್ಲ, ಅಟ್ಯಾಕಿನಲ್ಲೂ ಇರಲಿಲ್ಲ. ಎರಡರ ನಡುವಿನ ಮೂರು ಸೆಕೆಂಡಿನಲ್ಲಿತ್ತು.

ಲೆಕ್ಕ ಸುಲಭ. ನೂರಕ್ಕೆ 35 ತ್ರೀ ಬಿದ್ದರೆ ಒಂದು ಯತ್ನಕ್ಕೆ ಸರಾಸರಿ 1.05 ಪಾಯಿಂಟ್. ಎರಡು ಪಾಯಿಂಟಿನ ಶಾಟ್ ಅರ್ಧಕ್ಕರ್ಧ ಬಿದ್ದರೆ ಸರಿಯಾಗಿ 1. ಎದುರಿಗೆ ಯಾರೂ ಇಲ್ಲದ ಲೇಅಪ್ ಮಾತ್ರ ಹೆಚ್ಚುಕಡಿಮೆ ಪೂರ್ತಿ 2. ನಾನು ಕಷ್ಟಪಟ್ಟು ಒಂದು ಗಳಿಸುತ್ತಿದ್ದೆ, ಅವನಿಗೆ ಪುಕ್ಕಟೆ ಎರಡು ಕೊಡುತ್ತಿದ್ದೆ.

ಯಾಕೆ ಹೀಗಾಗುತ್ತಿತ್ತು? ಶಾಟ್ ಹೊಡೆದ ನನ್ನ ಆಟಗಾರನನ್ನೇ ರಿಬೌಂಡಿಗೆ, ಅಂದರೆ ತಪ್ಪಿ ಪುಟಿದ ಬಾಲ್ ಹಿಡಿಯಲಿ ಅಂತ, ಬುಟ್ಟಿಯ ಕೆಳಗೆ ನುಗ್ಗಿಸುತ್ತಿದ್ದೆ. ಅವನೋ ಗಿಡ್ಡ ಗಾರ್ಡ್, ಬುಟ್ಟಿಯಿಂದ ದೂರ ಆಡುವವನು. ಅಲ್ಲಿ ಅವನಿಗೆ ಏನು ಸಿಗುತ್ತದೆ? ಈಗ ಬಾಲ್ ಕೈಬಿಟ್ಟ ಕೂಡಲೇ, ಬಿತ್ತೋ ಇಲ್ಲವೋ ಅಂತ ನೋಡದೆ ಅವನನ್ನು ಹಿಂದಕ್ಕೆ ಓಡಿಸುತ್ತೇನೆ. ಮೊದಮೊದಲು ಇದು ಬಹಳ ಕಷ್ಟ. ನಾವೇ ಹೊಡೆದ ಶಾಟ್ ನೋಡುವ ಚಪಲ ಯಾರಿಗಿಲ್ಲ, ಅಲ್ವಾ? ಉಳಿದ ಆಟಗಾರರು ರಿಬೌಂಡಿಗೆ ನುಗ್ಗಬೇಕೋ, ಹಿಂದೆ ಓಡಬೇಕೋ ಅನ್ನುವುದಕ್ಕೆ ಕೋಚ್ ಸೆಟ್ಟಿಂಗಿನಲ್ಲೇ ಆಯ್ಕೆ ಇದೆ. ಹಿಂದೆ ಓಡಲಿ ಅಂತ ಇಟ್ಟೆ. ನಮಗೆ ಸಿಗುವ ಎರಡನೇ ಅವಕಾಶ ಕಮ್ಮಿಯಾಯಿತು. ಆಗಲಿ.

ಇನ್ನೊಂದು ಕಾಯಿಲೆ ಆರ್2. ಓಡುವ ಬಟನ್ ಅದು. ನಾನು ಅದರ ಮೇಲಿಂದ ಬೆರಳೇ ತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಆಯಿ ಒಮ್ಮೆ, "ಎಂತಕ್ಕೆ ಹಾಂಗೆ ಓಡ್ತ್ನಾ ಅಂವ, ನಾಯಿ ಅಟ್ಟಿಸ್ಕಂಡು ಬಂದಂಗೆ?" ಅಂದಳು. ಸರಿಯಾದ ಪ್ರಶ್ನೆಯೇ! ಸುಮ್ನೆ ಓಡಿದರೆ ಆಟಗಾರನ ದಮ್ಮು ಇಳಿಯುತ್ತದೆ. ದಮ್ಮು ಇಳಿದವನ ಶಾಟೂ ಹಾಳು, ಎದುರಾಳಿಯನ್ನು ತಡೆಯುವ ಚುರುಕೂ ಹೋಗುತ್ತದೆ. ಈಗ ಬಾಲ್ ಹಿಡಿದು ಮುಂದೆ ಹೋಗುವಾಗ ನಡೆದುಕೊಂಡೇ ಹೋಗುತ್ತೇನೆ. ಓಟವನ್ನು ವಾಪಸ್ ಬರುವುದಕ್ಕೆ ಇಟ್ಟುಕೊಳ್ಳುತ್ತೇನೆ.

ಡಿಫೆನ್ಸಿನಲ್ಲಿ ಕಲಿತದ್ದು ಕೈ ಕಟ್ಟಿ ಕೂರುವುದನ್ನು. ಬಾಲ್ ಕಸಿಯಲು ಸ್ಕ್ವೇರ್ ಬಟನ್, ಹಾರಿ ಶಾಟ್ ತಡೆಯಲು (ಬ್ಲಾಕ್) ಟ್ರಯಾಂಗಲ್. ಎರಡನ್ನೂ ಗೆಜ್ಜೆ ಕುಣಿಸಿದ ಹಾಗೆ ಒತ್ತುತ್ತಿದ್ದೆ. ಅವನು ಶಾಟ್ ಹೊಡೆಯುವ ನಾಟಕ ಮಾಡಿದರೆ ನಾನು ಹಾರುತ್ತಿದ್ದೆ, ಅವನು ಆರಾಮಾಗಿ ಪಕ್ಕದಿಂದ ದಾಟುತ್ತಿದ್ದ. ಫೌಲ್ ಬೇರೆ. ಎನ್‌ಬಿಎ ನಿಯಮದಲ್ಲಿ ಒಬ್ಬನಿಗೆ ಆರು ಫೌಲಾದರೆ ಹೊರಗೆ, ಒಂದು ಕ್ವಾರ್ಟರಿನಲ್ಲಿ ತಂಡದ್ದು ಐದಾದರೆ ಎದುರಾಳಿಗೆ ಫ್ರೀ ಥ್ರೋ. ಕಬಡ್ಡಿ ಆಡಿದವರಿಗೆ ಗೊತ್ತು, ರೈಡರ್ ಕಾಲು ಮುಂದಿಟ್ಟ ಕೂಡಲೇ ಎಲ್ಲರೂ ಮೇಲೆ ಬೀಳಬಾರದು. ಅವನ ಟೈಮ್ ಮುಗಿಯುತ್ತಾ ಬಂದ ಹಾಗೆ ಅವನೇ ತಪ್ಪುತ್ತಾನೆ. ಇಲ್ಲೂ 24 ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕೆಂಬ ಗಡಿ ಇದೆ, ಎನ್‌ಬಿಎಯಲ್ಲಿ 1954ರಿಂದ. ಡಿಫೆನ್ಸಿನ ಬಟನ್ ಎಲ್2 ಹಿಡಿದು ಅವನಿಗೂ ಬುಟ್ಟಿಗೂ ನಡುವೆ ನಿಂತರೆ ಗಡಿಯಾರವೇ ಅರ್ಧ ಕೆಲಸ ಮಾಡುತ್ತದೆ.

ಅವನ ಸ್ಟಾರ್ ಆಟಗಾರನನ್ನು ನಾನೇ ತಡೆಯುವ ಹಟವನ್ನೂ ಬಿಟ್ಟೆ. ಅದನ್ನು ಕಂಪ್ಯೂಟರಿಗೆ ಬಿಟ್ಟು, ನನ್ನ ಸೆಂಟರನ್ನು (ಬುಟ್ಟಿ ಕಾಯುವ ಎತ್ತರದ ಆಟಗಾರ) ಆಡಿಸುತ್ತಾ ಬುಟ್ಟಿಯ ಹತ್ತಿರ ಕಾಯುತ್ತೇನೆ. ಇದು ಹೇಡಿತನ ಅಂತ ಕೆಲವರು ಅನ್ನುತ್ತಾರೆ. ಅನ್ನಲಿ.

ಈಗ ತಮ್ಮನದು ಬೇರೆಯೇ ದೂರು. "ನಿನ್ನ ಸಂತಿಗೆ ಆಡದು ಬೋರು ಮಾರಾಯಾ" ಅನ್ನುತ್ತಾನೆ. ಮೊದಲು 60ರ ಮೇಲೆ ಹೋಗುತ್ತಿದ್ದ ಸ್ಕೋರ್ ಈಗ 40ರ ಆಸುಪಾಸು. ಕಳೆದ ವಾರ 41-39, ನಾನು ಮುಂದೆ. ಅವನ ಕೊನೆಯ ಶಾಟ್ ರಿಂಗಿಗೆ ತಾಗಿ ಹೊರಗೆ ಬಿತ್ತು, ಬಾಲ್ ನನ್ನ ಸೆಂಟರಿನ ಕೈಗೆ ಬಂತು. ಅಷ್ಟರಲ್ಲಿ ಕರೆಂಟ್ ಹೋಯಿತು. ಟಿವಿಗೆ ಇನ್ವರ್ಟರ್ ಲೈನ್ ಕೊಟ್ಟಿಲ್ಲ. ಆ ಆಟ ಲೆಕ್ಕಕ್ಕಿಲ್ಲ ಅಂತ ಅವನು ಇವತ್ತಿಗೂ ವಾದ ಮಾಡುತ್ತಾನೆ.